ಅಲ್ಯೂಮಿನಿಯಂ ಜಾಬಿಗೆ ಲೇತ್‌ನಲ್ಲಿ ಯಾವ ಎಣ್ಣೆ ಹಾಕಬೇಕು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಚಿಕ್ಕ ವರ್ಕ್‌ಶಾಪ್. ಎರಡು ಸೆಂಟರ್ ಲೇತ್ ಇವೆ. ಇಷ್ಟು ವರ್ಷ ಬರೀ ಎಂಎಸ್ (ಮೆದು ಉಕ್ಕು) ಕೆಲಸ ಮಾಡಿಕೊಂಡು ಬಂದವರು ನಾವು. ಈಗ ಎಚ್‌ಇ30 ಅಲ್ಯೂಮಿನಿಯಂ ಪುಲ್ಲಿಗಳ ಆರ್ಡರ್ ಸಿಕ್ಕಿದೆ. ಹೊರಗಿನ ವ್ಯಾಸ 90 ಎಂಎಂ, ಒಳಗೆ 6204 ಬೇರಿಂಗ್ ಕೂರುವ 47 ಎಂಎಂ ಬೋರ್ (ತೂತು), ಮುಖದ ಮೇಲೆ ಎಂ6 ಟ್ಯಾಪ್ (6 ಎಂಎಂ ಬೋಲ್ಟಿನ ಥ್ರೆಡ್). ಟೂಲ್ ತುದಿಗೆ ಅಲ್ಯೂಮಿನಿಯಂ ಮೆತ್ತಿಕೊಳ್ಳುತ್ತದೆ, ಮೇಲ್ಮೈ ಹರಿದ ಹಾಗೆ ಬರುತ್ತದೆ. ಒಬ್ಬರು ಸೀಮೆಎಣ್ಣೆ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಸೋಪಿನ ನೀರು ಅನ್ನುತ್ತಾರೆ, ಮತ್ತೊಬ್ಬರು ತೆಂಗಿನೆಣ್ಣೆ. ಪಂಪಿನಲ್ಲಿ ಎಂಎಸ್‌ಗೆ ಅಂತ ಹಾಕಿದ ಸೊಲ್ಯೂಬಲ್ ಆಯಿಲ್ (ನೀರಿಗೆ ಬೆರೆಸುವ ಎಣ್ಣೆ) ಇದೆ, ಅದೇ ನಡೆಯುತ್ತದಾ? ಇನ್ನೊಂದು ವಿಷಯ: ಬೋರ್ ಅಳೆದಾಗ ಸರಿ ಇರುತ್ತದೆ, ಆಮೇಲೆ ಬೇರಿಂಗ್ ಕೂರುವುದಿಲ್ಲ. ಅದಕ್ಕೂ ಎಣ್ಣೆಗೂ ಏನಾದರೂ ಸಂಬಂಧ ಇದೆಯಾ?

ಉತ್ತರ: ಸಂಬಂಧ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಮೆತ್ತಿಕೊಳ್ಳುವ ವಿಷಯ. ಅಲ್ಲಿ ಎಣ್ಣೆಗಿಂತ ಜಾಸ್ತಿ ತಪ್ಪು ಟೂಲಿನದೇ ಇರಬೇಕು ಅಂತ ನನ್ನ ಅನುಮಾನ.

ಎಂಎಸ್ ಮಾಡಿದವರಿಗೆ ಕೂಲಂಟ್ ಅಂದರೆ ತಂಪು ಮಾಡುವ ನೀರು. ಅದು ಸರಿಯೇ. ಅಮೆರಿಕದ ಫ್ರೆಡರಿಕ್ ಟೇಲರ್ 1880ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟಿದ್ದ. ಉಕ್ಕು ಕತ್ತರಿಸುವ ಜಾಗಕ್ಕೆ ನೀರನ್ನು ಧಾರಾಳವಾಗಿ ಬಿಟ್ಟರೆ ವೇಗವನ್ನು ಶೇ 30ರಿಂದ 40ರಷ್ಟು ಏರಿಸಬಹುದು ಅಂತ. ಉಕ್ಕಿನಲ್ಲಿ ಶಾಖ ಟೂಲಿನ ತುದಿಯಲ್ಲೇ ನಿಂತು ತುದಿಯನ್ನು ತಿನ್ನುತ್ತದೆ, ಹಾಗಾಗಿ ನೀರು ಬೇಕು. ಅಲ್ಯೂಮಿನಿಯಂ ಕತೆ ಬೇರೆ. ಅದು ಉಕ್ಕಿಗಿಂತ ಮೂರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಕತ್ತರಿಸಲು ಬೇಕಾದ ಬಲವೂ ಕಡಿಮೆ. ಹುಟ್ಟಿದ ಶಾಖದಲ್ಲಿ ಹೆಚ್ಚಿನದು ಚಿಪ್ಸ್ (ಕತ್ತರಿಸಿ ಬಂದ ಚೂರು) ಜೊತೆ ಹೊರಗೆ ಹೋಗುತ್ತದೆ, ಸ್ವಲ್ಪ ಜಾಬಿಗೆ, ಅಂದರೆ ಕತ್ತರಿಸುತ್ತಿರುವ ತುಂಡಿಗೆ, ಹರಡುತ್ತದೆ. ಟೂಲ್ ಸುಟ್ಟುಹೋಗುವ ಭಯ ಇಲ್ಲಿ ಕಮ್ಮಿ.

ಇಲ್ಲಿನ ತೊಂದರೆ ಅಂಟುವುದು. ಹೊಸದಾಗಿ ಕತ್ತರಿಸಿದ ಅಲ್ಯೂಮಿನಿಯಂ ಮೈಮೇಲೆ ಆಕ್ಸೈಡ್ ಪದರ ಇನ್ನೂ ಕೂತಿರುವುದಿಲ್ಲ. ಅಂಥ ಬೆತ್ತಲೆ ಲೋಹ ಭಾರೀ ಒತ್ತಡದಲ್ಲಿ ಟೂಲಿನ ಮುಖವನ್ನು ಉಜ್ಜಿಕೊಂಡು ಹೋಗುವಾಗ ಅಲ್ಲೇ ಬೆಸೆದುಕೊಳ್ಳುತ್ತದೆ. ಕರಗಿ ಅಂಟುವುದಲ್ಲ ಇದು. ಕರಗಲು ಶುದ್ಧ ಅಲ್ಯೂಮಿನಿಯಂಗೆ 660 ಡಿಗ್ರಿ ಬೇಕು, ಅಷ್ಟು ಬಿಸಿ ಇಲ್ಲಿ ಆಗುವುದಿಲ್ಲ. ಮೊದಲು ಒಂದು ಪದರ ಅಂಟುತ್ತದೆ, ಅದರ ಮೇಲೆ ಇನ್ನೊಂದು. ಕೊನೆಗೆ ನಿಮ್ಮ ಟೂಲಿನ ಅಂಚು ಕತ್ತರಿಸುತ್ತಿರುವುದೇ ಇಲ್ಲ, ಅದರ ಮೇಲೆ ಕೂತ ಅಲ್ಯೂಮಿನಿಯಂ ಗಡ್ಡೆ ಕತ್ತರಿಸುತ್ತಿರುತ್ತದೆ. ಆ ಗಡ್ಡೆ ಆಗಾಗ ಕಿತ್ತು ಜಾಬಿನ ಮೈಗೆ ಮೆತ್ತುತ್ತದೆ. ನೀವು ಹರಿದ ಹಾಗೆ ಬರುತ್ತದೆ ಅಂದಿರಲ್ಲ, ಅದು ಇದೇ. ಆದ್ದರಿಂದ ಅಲ್ಯೂಮಿನಿಯಂಗೆ ಎಣ್ಣೆ ಆರಿಸುವಾಗ ಕೇಳಬೇಕಾದ್ದು ಒಂದೇ: ಲೋಹಕ್ಕೂ ಟೂಲಿಗೂ ನಡುವಿನ ಸಂದಿಗೆ ಇದು ನುಗ್ಗುತ್ತದಾ, ಅಲ್ಲಿ ಜಾರಿಸುತ್ತದಾ? ತಂಪಿನ ಮಾತು ಎರಡನೆಯದು.

ಎಣ್ಣೆ ತರುವ ಮೊದಲು ಒಂದು ಪರೀಕ್ಷೆ ಮಾಡಿ. ಎಂಎಸ್‌ಗೆ ಬಳಸುವ ಇನ್ಸರ್ಟಿನ (ಟೂಲಿನ ತುದಿಗೆ ಸಿಕ್ಕಿಸುವ ಕಾರ್ಬೈಡ್ ತುಂಡು) ಅಂಚು ಬೇಕೆಂದೇ ಸ್ವಲ್ಪ ಮೊಂಡಾಗಿರುತ್ತದೆ, ಮುರಿಯದಿರಲಿ ಅಂತ. ಮೇಲೆ ಕೋಟಿಂಗ್ ಬೇರೆ. ಆ ಕೋಟಿಂಗಿನಲ್ಲಿ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಇದ್ದರಂತೂ ಜಾಬಿನ ಅಲ್ಯೂಮಿನಿಯಂಗೆ ಅದು ನೆಂಟ ಇದ್ದ ಹಾಗೆ, ಕರೆದು ಕೂರಿಸಿಕೊಳ್ಳುತ್ತದೆ. ಅದನ್ನು ಬಿಚ್ಚಿಡಿ. ಕೋಟಿಂಗ್ ಇಲ್ಲದ, ಗ್ರೈಂಡ್ ಮಾಡಿ ಕನ್ನಡಿಯಂತೆ ಪಾಲಿಶ್ ಮಾಡಿದ ಅಲ್ಯೂಮಿನಿಯಂ ಇನ್ಸರ್ಟ್ ಸಿಗುತ್ತದೆ. ಅಂಗಡಿಯಲ್ಲಿ ಸಿಸಿಜಿಟಿ ಅಂತ ಕೇಳಿ. ಡಬ್ಬಿಯ ಮೇಲೆ ಎನ್ ಅಕ್ಷರ, ಹಸಿರು ಗುರುತು ಇರಬೇಕು. ಪಿ ಅಂತ ನೀಲಿ ಗುರುತು ಇದ್ದರೆ ಅದು ಉಕ್ಕಿನದು. ನೋಸ್ ರೇಡಿಯಸ್ (ತುದಿಯ ದುಂಡು) 0.4 ಎಂಎಂ ಸಾಕು. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್ ಬಳಸುವವರಾದರೆ ಮೇಲಿನ ರೇಕ್ ಕೋನವನ್ನು, ಅಂದರೆ ಟೂಲಿನ ಮೇಲ್ಮುಖದ ಇಳಿಜಾರನ್ನು, 30 ಡಿಗ್ರಿ, ಬೇಕಾದರೆ 35ರವರೆಗೂ ಕೊಡಿ. ಎಂಎಸ್‌ಗೆ ಕೊಟ್ಟು ಅಭ್ಯಾಸವಾದ ಕೈಗೆ ಅದು ವಿಪರೀತ ಅನ್ನಿಸುತ್ತದೆ, ಪರವಾಗಿಲ್ಲ. ಆಮೇಲೆ ಆಯಿಲ್‌ಸ್ಟೋನ್ ಮೇಲೆ ಉಜ್ಜಿ ಗ್ರೈಂಡರ್ ಗೀರು ತೆಗೆಯಿರಿ. ಗೀರು ಉಳಿದ ಕಡೆಯೇ ಅಂಟಲು ಶುರುವಾಗುತ್ತದೆ.

ವೇಗವನ್ನೂ ನೋಡಿ. ಎಂಎಸ್ ಅಭ್ಯಾಸದಲ್ಲಿ ನೀವು 280 ಆರ್‌ಪಿಎಂನಲ್ಲಿ ಓಡಿಸುತ್ತಿದ್ದೀರಿ ಅಂದುಕೊಳ್ಳೋಣ. 90 ಎಂಎಂ ವ್ಯಾಸದಲ್ಲಿ ಅದು ನಿಮಿಷಕ್ಕೆ ಸುಮಾರು 79 ಮೀಟರ್. 47 ಎಂಎಂ ಬೋರಿನಲ್ಲಿ ಬರೀ 41 ಮೀಟರ್. ಕಾರ್ಬೈಡ್ ಟೂಲಿಗೆ ಇದು ತೀರಾ ನಿಧಾನ, ಗಡ್ಡೆ ಕಟ್ಟುವುದು ಇಂಥ ನಿಧಾನದಲ್ಲೇ. 800 ಆರ್‌ಪಿಎಂಗೆ ಹಾಕಿದರೆ ಹೊರಗೆ 226 ಮೀಟರ್, ಬೋರಿನಲ್ಲಿ 118 ಮೀಟರ್ ಸಿಗುತ್ತದೆ. ಜಾಬ್ ಹಿಡಿಯುವ ಚಕ್ ಅಷ್ಟು ವೇಗಕ್ಕೆ ಯೋಗ್ಯವಾ, ಜಾಬ್ ಗಟ್ಟಿಯಾಗಿ ಹಿಡಿದಿದೆಯಾ ಅನ್ನುವುದನ್ನು ಖಾತ್ರಿ ಮಾಡಿಕೊಂಡೇ ಏರಿಸಿ. ಫೀಡ್, ಅಂದರೆ ಒಂದು ಸುತ್ತಿಗೆ ಟೂಲ್ ಮುಂದೆ ಹೋಗುವ ದೂರ, 0.1ರಿಂದ 0.2 ಎಂಎಂ ಇರಲಿ. ಫೀಡ್ ತೀರಾ ಕಮ್ಮಿ ಮಾಡಿದರೆ ಟೂಲ್ ಕತ್ತರಿಸುವ ಬದಲು ಉಜ್ಜುತ್ತದೆ, ಚಿಪ್ಸ್ ಕೂಡ ಮುರಿಯದೆ ಉದ್ದ ಎಳೆಯಾಗಿ ಜಾಬಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಕೈಯಲ್ಲಿ ಎಳೆಯಬೇಡಿ. ಲೇತ್ ನಿಲ್ಲಿಸಿ, ಕೊಕ್ಕೆಯಲ್ಲಿ ತೆಗೆಯಿರಿ.

ಇಷ್ಟಾದ ಮೇಲೆ ಒಂದು ಪುಲ್ಲಿಯ ಹೊರಮೈಯನ್ನು ಏನೂ ಹಾಕದೆ, ಒಣಗಿದ್ದ ಹಾಗೇ ಟರ್ನ್ ಮಾಡಿ ನೋಡಿ. ಎಚ್‌ಇ30 ಅಂದರೆ 6082 ಅನ್ನುವ ಮಿಶ್ರಲೋಹ, ಒಳ್ಳೆಯ ಸ್ವಭಾವದ ಮಾಲು. ಟಿ6 ಗಟ್ಟಿತನದಲ್ಲಿ ಇದ್ದರೆ ಒಣ ಟರ್ನಿಂಗಿನಲ್ಲೇ ಬೆಳ್ಳಿಯ ಹಾಗೆ ಹೊಳೆದರೂ ಆಶ್ಚರ್ಯ ಇಲ್ಲ. ಹೊಳೆದರೆ ಹೊರಮೈಗೆ ನಿಮಗೆ ಎಣ್ಣೆಯೇ ಬೇಡ, ಚಿಪ್ಸ್ ಹಾರಿಸಲು ಸ್ವಲ್ಪ ಗಾಳಿ ಸಾಕು. ಇದೇ ಶುದ್ಧ ಅಲ್ಯೂಮಿನಿಯಂ ರಾಡ್ ಆಗಿದ್ದರೆ ಅಥವಾ ಮೆತ್ತಗಿನ ಎಚ್‌ಇ9 ಆಗಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ. ಅವು ಹಿಟ್ಟಿನ ಹಾಗೆ ಅಂಟುತ್ತವೆ, ಎಣ್ಣೆ ಬೇಕೇ ಬೇಕು.

ಎಣ್ಣೆ ನಿಜವಾಗಿ ಬೇಕಾಗುವುದು ನಿಮ್ಮ ಡ್ರಿಲ್ಲಿಂಗ್, ಬೋರಿಂಗ್, ಪಾರ್ಟಿಂಗ್ (ಕತ್ತರಿಸಿ ಬೇರ್ಪಡಿಸುವುದು) ಮತ್ತು ಟ್ಯಾಪಿಂಗಿಗೆ. ಅಲ್ಲಿ ಚಿಪ್ಸಿಗೆ ಹೊರಗೆ ಹೋಗಲು ದಾರಿ ಇಕ್ಕಟ್ಟು. ಡ್ರಿಲ್ಲಿನ ಮೈಮೇಲಿನ ಸುರುಳಿ ಕಾಲುವೆಯಲ್ಲಿ ಚಿಪ್ಸ್ ತುಂಬಿ ಬಿಗಿದರೆ ಡ್ರಿಲ್ ಜಾಬಿನೊಳಗೇ ಬೆಸೆದು ಕೂರುತ್ತದೆ. ಆಮೇಲೆ ಅದನ್ನು ತೆಗೆಯುವುದು ಯಾರಿಗೂ ಬೇಡ.

ಸೀಮೆಎಣ್ಣೆ ಹೇಳಿದವರು ತಪ್ಪು ಹೇಳಿಲ್ಲ. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಅನ್ನುವುದು ಹಳೆಯ ಟರ್ನರ್‌ಗಳು ಪ್ರಪಂಚದ ಎಲ್ಲ ಕಡೆ ಕಂಡುಕೊಂಡ ಉಪಾಯ. ಅದು ತೆಳು, ಸಂದಿಗೆ ಹೋಗುತ್ತದೆ, ಚಿಪ್ಸನ್ನು ತೊಳೆದುಕೊಂಡು ಬರುತ್ತದೆ, ಜಾಬಿಗೆ ಕಲೆ ಮಾಡುವುದಿಲ್ಲ. ಜಾರಿಸುವ ಗುಣ ಮಾತ್ರ ಸ್ವಲ್ಪ ಕಡಿಮೆ. ಅದಕ್ಕೇ ನಾನು ಮೂರು ಪಾಲು ಸೀಮೆಎಣ್ಣೆಗೆ ಒಂದು ಪಾಲು ತೆಳುವಾದ ನೀಟ್ ಕಟಿಂಗ್ ಆಯಿಲ್ (ನೀರು ಸೇರಿಸದೆ ಬಳಸುವ ಎಣ್ಣೆ) ಬೆರೆಸುತ್ತೇನೆ. ಡ್ರಿಲ್ಲಿಂಗಿಗೂ ಪಾರ್ಟಿಂಗಿಗೂ ಒಂದು ಹಳೆಯ ಪೇಂಟ್ ಬ್ರಷ್‌ನಲ್ಲಿ ಹಚ್ಚಿದರೆ ಆಯಿತು, ಸುರಿಯಬೇಕಾಗಿಲ್ಲ. ಬ್ರಷ್ಷಿನ ಕೂದಲು ತಿರುಗುವ ಜಾಬಿಗೆ ಸಿಗದಂತೆ, ಚಿಪ್ಸ್ ಹೊರಬರುವ ಕಡೆಯಿಂದ ದೂರದಲ್ಲಿ ಹಿಡಿಯಿರಿ. ಚಿಕ್ಕ ಸ್ಪ್ರೇ ಡಬ್ಬಿಯಲ್ಲಿ ಬರುವ ಡಬ್ಲ್ಯೂಡಿ-40 ಕೂಡ ಇದೇ ಜಾತಿ, ಬಹುಪಾಲು ತೆಳು ಪೆಟ್ರೋಲಿಯಂ ಎಣ್ಣೆ. ಕೆಲಸ ಚೆನ್ನಾಗಿಯೇ ಮಾಡುತ್ತದೆ. ಮನೆಯಲ್ಲಿ ಪುಟ್ಟ ಲೇತ್ ಇಟ್ಟುಕೊಂಡವರಿಗೆ ಸರಿ, ಆರ್ಡರ್ ಕೆಲಸಕ್ಕೆ ದುಬಾರಿ.

ಸೀಮೆಎಣ್ಣೆ ವಿಷಯದಲ್ಲಿ ಎರಡು ಮಾತು. ರೇಷನ್ನಿನ ನೀಲಿ ಸೀಮೆಎಣ್ಣೆ ಮನೆಯ ಒಲೆಗೂ ದೀಪಕ್ಕೂ ಕೊಡುವುದು, ವರ್ಕ್‌ಶಾಪಿಗಲ್ಲ. ಬಿಳಿಯದನ್ನೇ ಕೊಳ್ಳಿ. ಎರಡನೆಯದು ಬೆಂಕಿ. ನಲವತ್ತು ಡಿಗ್ರಿಯ ಆಸುಪಾಸಿನಲ್ಲೇ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಬಹುದು. ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಅಷ್ಟು ಬಿಸಿ ಆಗುವುದು ನಿಮಗೇ ಗೊತ್ತು. ಹಾಗಾಗಿ 800 ಆರ್‌ಪಿಎಂನಲ್ಲಿ ಸೀಮೆಎಣ್ಣೆಯನ್ನು ಧಾರೆಯಾಗಿ ಬಿಟ್ಟು ಮಂಜು ಎಬ್ಬಿಸಬೇಡಿ. ಪಕ್ಕದಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ನಡೆಯುತ್ತಿದ್ದರೆ ಸೀಮೆಎಣ್ಣೆ ಬೇಡವೇ ಬೇಡ. ಒಂದು ಬಕೆಟ್ ಒಣ ಮರಳು ಹತ್ತಿರ ಇರಲಿ. ಅಲ್ಯೂಮಿನಿಯಂ ಸಣ್ಣ ಚಿಪ್ಸಿಗೆ ಬೆಂಕಿ ಬಿದ್ದರೆ ನೀರು ಹಾಕಬಾರದು. ಉರಿಯುವ ಅಲ್ಯೂಮಿನಿಯಂ ನೀರಿನಿಂದ ಹೈಡ್ರೋಜನ್ ಬಿಡಿಸುತ್ತದೆ, ಆಗ ಬೆಂಕಿ ಇನ್ನೂ ಜೋರಾಗುತ್ತದೆ. ಮರಳು ಮುಚ್ಚಿ, ಕೆದಕದೆ ಬಿಡಿ.

ತೆಂಗಿನೆಣ್ಣೆ ಕೇಳಿ ನಗಬೇಡಿ. ಜಾರಿಸುವುದರಲ್ಲಿ ಅದು ಸೀಮೆಎಣ್ಣೆಗಿಂತ ಎಷ್ಟೋ ಮೇಲು. ಸಸ್ಯದ ಎಣ್ಣೆ, ಪ್ರಾಣಿಯ ಕೊಬ್ಬು ಲೋಹದ ಮೈಗೆ ಚೆನ್ನಾಗಿ ಹಿಡಿದುಕೊಳ್ಳುತ್ತವೆ. ಹಿಂದೆ ವಿಲಾಯಿತಿಯವರು ಹಂದಿ ಕೊಬ್ಬಿನ ಎಣ್ಣೆಯನ್ನು ಕಟಿಂಗ್‌ಗೆ ಬಳಸುತ್ತಿದ್ದದ್ದು ಇದಕ್ಕೇ. ಟ್ಯಾಪ್ ಹೊಡೆಯುವಾಗ ಎರಡು ಹನಿ ತೆಂಗಿನೆಣ್ಣೆ ಹಾಕಿದರೆ ಟ್ಯಾಪ್ ಎಷ್ಟು ಸಲೀಸಾಗಿ ಹೋಗುತ್ತದೆ ನೋಡಿ. ಆದರೆ ಅದು 24 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ. ನಿಮ್ಮ ಬೆಳಗಾವಿಯ ಡಿಸೆಂಬರ್ ಬೆಳಿಗ್ಗೆ ಡಬ್ಬಿಯಿಂದ ಚಮಚದಲ್ಲಿ ತೋಡಬೇಕಾದೀತು. ಸ್ಲೈಡ್ ಮೇಲೆ ಬಿದ್ದು ಹಾಗೇ ಉಳಿದರೆ ದಿನ ಕಳೆದಂತೆ ಜಿಗುಟಾಗುತ್ತದೆ, ಕಮಟು ವಾಸನೆಯೂ ಬರುತ್ತದೆ. ಟ್ಯಾಪಿಗೆ ಸರಿ, ಉಳಿದದ್ದಕ್ಕೆ ಬೇಡ.

ಟ್ಯಾಪಿನ ಮಾತು ಬಂತಲ್ಲ, ಅದನ್ನೂ ಮುಗಿಸುತ್ತೇನೆ. ಎಂ6ಗೆ ಮಾಮೂಲಿ ಟ್ಯಾಪ್ ಆದರೆ 5 ಎಂಎಂ ಡ್ರಿಲ್. ಅಲ್ಯೂಮಿನಿಯಂಗೆ ಫಾರ್ಮ್ ಟ್ಯಾಪ್ ಇನ್ನೂ ಚೆನ್ನ. ಅದು ಕತ್ತರಿಸುವುದಿಲ್ಲ, ಒತ್ತಿ ಥ್ರೆಡ್ ಎಬ್ಬಿಸುತ್ತದೆ, ಚಿಪ್ಸ್ ರಗಳೆಯೇ ಇಲ್ಲ. ಅದಕ್ಕೆ 5.5 ಎಂಎಂ ಡ್ರಿಲ್ ಬೇಕು. ಫಾರ್ಮ್ ಟ್ಯಾಪನ್ನು ಮಾತ್ರ ಒಣದಾಗಿ ಓಡಿಸಬೇಡಿ, ಮುರಿಯುವುದು ಖಂಡಿತ. ಡ್ರಿಲ್ ಮಾಡುವಾಗ ವ್ಯಾಸದಷ್ಟು ಆಳ ಹೋಗಿ ಹೊರಗೆ ಎಳೆದು, ಆ ಕಾಲುವೆಯನ್ನು ಬ್ರಷ್‌ನಿಂದ ಬಳಿದು, ಎಣ್ಣೆ ಹಚ್ಚಿ ಮತ್ತೆ ಹೋಗಿ.

ಬೇಡ ಅನ್ನಬೇಕಾದವು ಕೆಲವು ಇವೆ. ಡೀಸೆಲ್ ಸೀಮೆಎಣ್ಣೆಯ ಹಾಗೇ ಕೆಲಸ ಮಾಡುತ್ತದೆ ನಿಜ, ಆದರೆ ವಾಸನೆ, ಕೈ ತುರಿಕೆ. ಇಂಜಿನ್ನಿಂದ ತೆಗೆದ ಹಳೆಯ ಆಯಿಲನ್ನು ಮುಟ್ಟಲೇಬೇಡಿ. ಅದರಲ್ಲಿ ಚರ್ಮದ ಕ್ಯಾನ್ಸರ್ ತರುವ ಪದಾರ್ಥಗಳಿರುತ್ತವೆ. ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ಸರಿಯಾಗಿ ಶುದ್ಧ ಮಾಡದ ಖನಿಜ ತೈಲದಲ್ಲಿ ಬಟ್ಟೆ ನೆನೆಸಿಕೊಂಡು ದುಡಿದ ನೂಲುಗಾರರು ಅದೇ ಕ್ಯಾನ್ಸರಿಗೆ ಬಲಿಯಾಗಿದ್ದಾರೆ. ಪೈಪ್ ಥ್ರೆಡ್ಡಿಂಗಿಗೆ ಬಳಸುವ, ಗಂಧಕದ ವಾಸನೆ ಬರುವ ಕಪ್ಪು ಎಣ್ಣೆಯೂ ಬೇಡ. ಅದು ಗಟ್ಟಿ ಉಕ್ಕಿಗೆ ಅಂತ ಮಾಡಿದ್ದು. ಅಲ್ಯೂಮಿನಿಯಂಗೆ ಲಾಭ ಇಲ್ಲ, ಕಲೆಯ ಭಯ ಉಂಟು.

ಸೋಪಿನ ನೀರು? ಅಲ್ಯೂಮಿನಿಯಂ ಪಾತ್ರೆಯನ್ನು ವಾಷಿಂಗ್ ಸೋಡಾ ಹಾಕಿ ತೊಳೆದರೆ ಕಪ್ಪಾಗುತ್ತದೆ ಅಲ್ವಾ, ಇಲ್ಲಿಯೂ ಅದೇ ಆಗುತ್ತದೆ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಕ್ಷಾರಕ್ಕೆ ಕರಗುತ್ತದೆ. ಬಟ್ಟೆ ಸೋಪಿನಲ್ಲಿ ಕ್ಷಾರ ಜಾಸ್ತಿ. ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ಕ್ಷಾರ ಕಮ್ಮಿ ಇದ್ದರೂ ಉಪ್ಪು ಇರುತ್ತದೆ, ಅದು ನಿಮ್ಮ ಲೇತ್ ಬೆಡ್ಡಿಗೆ ತುಕ್ಕು ಹಿಡಿಸುತ್ತದೆ. ಎರಡೂ ಬೇಡ.

ಇದೇ ಕ್ಷಾರದ ಲೆಕ್ಕ ನಿಮ್ಮ ಪಂಪಿನ ಸೊಲ್ಯೂಬಲ್ ಆಯಿಲಿಗೂ ಬರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲಿ, ಹುಳು ಬೆಳೆಯದಿರಲಿ ಅಂತ ಈ ಎಣ್ಣೆಗಳನ್ನು ಸ್ವಲ್ಪ ಕ್ಷಾರವಾಗಿಯೇ ಮಾಡುತ್ತಾರೆ. ಪಿಎಚ್ (ಕ್ಷಾರದ ಅಳತೆ) ಸಾಮಾನ್ಯವಾಗಿ 8.5ರಿಂದ 9.3ರ ನಡುವೆ. ಅಲ್ಯೂಮಿನಿಯಂಗೆ 9 ದಾಟಿದರೆ ಕಲೆ ಶುರುವಾಗಬಹುದು. ಎಲ್ಲ ಸೊಲ್ಯೂಬಲ್ ಆಯಿಲೂ ಒಂದೇ ಅಲ್ಲ, ಕಲೆ ತಡೆಯುವ ಪದಾರ್ಥ ಸೇರಿಸಿ ಅಲ್ಯೂಮಿನಿಯಂಗೂ ಆಗುತ್ತದೆ ಅಂತ ಮಾಡಿದವು ಇವೆ. ನಿಮ್ಮ ಡ್ರಮ್ಮಿನ ಮೇಲೆ ಹಾಗೆ ಬರೆದಿದೆಯಾ ನೋಡಿ, ಇಲ್ಲವಾದರೆ ಡೀಲರನ್ನು ಕೇಳಿ. ಇನ್ನೂ ಸುಲಭದ ಪರೀಕ್ಷೆ ಇದೆ: ಒಂದು ತುಂಡು ಎಚ್‌ಇ30ಯನ್ನು ಟರ್ನ್ ಮಾಡಿ, ಅರ್ಧ ಮುಳುಗುವಂತೆ ಒಂದು ರಾತ್ರಿ ಆ ನೀರಿನಲ್ಲಿಡಿ. ಬೆಳಿಗ್ಗೆ ಮುಳುಗಿದ ಭಾಗ ಮಂಕಾಗಿದ್ದರೆ, ಗೆರೆ ಬಿದ್ದಿದ್ದರೆ ಆ ಎಣ್ಣೆ ಈ ಕೆಲಸಕ್ಕಲ್ಲ. ಪಿಎಚ್ ಕಾಗದ ನಾಲ್ಕು ಕಾಸಿಗೆ ಸಿಗುತ್ತದೆ, ಅದನ್ನೂ ಇಟ್ಟುಕೊಳ್ಳಿ.

ಪರೀಕ್ಷೆಯಲ್ಲಿ ಪಾಸಾದರೆ ಅದನ್ನೇ ಬಳಸಿ, ಆದರೆ ಟ್ಯಾಂಕಿನಲ್ಲಿ ಈಗ ಇರುವ ನೀರನ್ನಲ್ಲ. ಎಂಎಸ್ ಮಾಡಿದ ನೀರಿನಲ್ಲಿ ಕಬ್ಬಿಣದ ಪುಡಿ ತೇಲುತ್ತಿರುತ್ತದೆ. ಅದು ಮೆತ್ತಗಿನ ಅಲ್ಯೂಮಿನಿಯಂಗೆ ಚುಚ್ಚಿಕೊಂಡು ಕೂತು, ಆಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ ಬಿಡುತ್ತದೆ. ಗಿರಾಕಿ ಮೊದಲು ನೋಡುವುದು ಅದನ್ನೇ. ಟ್ಯಾಂಕ್, ಟ್ರೇ ಎರಡನ್ನೂ ತೊಳೆದು ಹೊಸದಾಗಿ ಕಲಸಿ.

ಕಲಸುವಾಗ ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ. ಉಲ್ಟಾ ಮಾಡಿದರೆ ಮಜ್ಜಿಗೆ ಆಗಬೇಕಾದ್ದು ಬೆಣ್ಣೆ ಮುದ್ದೆ ಆಗುತ್ತದೆ, ಮತ್ತೆ ಕರಗುವುದಿಲ್ಲ. ಟರ್ನಿಂಗಿಗೆ 20 ಲೀಟರ್ ನೀರಿಗೆ ಒಂದರಿಂದ ಒಂದೂವರೆ ಲೀಟರ್ ಎಣ್ಣೆ ಸರಿ, ಅಂದರೆ ಶೇ 5ರಿಂದ 7. ನೀರಿನ ಮಾತು ಇಲ್ಲಿ ಮುಖ್ಯ. ಬೋರ್‌ವೆಲ್ ನೀರು ತುಂಬಾ ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ ಎಣ್ಣೆಯಲ್ಲಿನ ಸೋಪಿನಂಥ ಅಂಶವನ್ನು ಹಿಡಿದು ಗಸಿ ಮಾಡುತ್ತದೆ. ಹಾಲಿನ ಹಾಗಿದ್ದದ್ದು ಒಡೆಯುತ್ತದೆ, ಮೇಲೆ ಎಣ್ಣೆ ತೇಲುತ್ತದೆ. ನಲ್ಲಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಬೆರೆಸಿದರೆ ಈ ತಲೆನೋವು ಕಮ್ಮಿ. ದಿನ ಕಳೆದಂತೆ ನೀರು ಆವಿಯಾಗಿ ಎಣ್ಣೆಯ ಪ್ರಮಾಣ ಏರುತ್ತದೆ, ಹಾಗೇ ಪಿಎಚ್ ಕೂಡ. ಕಮ್ಮಿಯಾದದ್ದನ್ನು ತುಂಬುವಾಗ ಶೇ 2ರ ತೆಳು ಮಿಶ್ರಣ ಹಾಕಿ, ಬರೀ ನೀರೂ ಬೇಡ, ಮೊದಲಿನಷ್ಟು ದಪ್ಪವೂ ಬೇಡ. ದೊಡ್ಡ ಆರ್ಡರ್ ಆದರೆ ರಿಫ್ರಾಕ್ಟೋಮೀಟರ್ ಒಂದು ಇಟ್ಟುಕೊಳ್ಳಿ. ಅದರ ಅಂಕಿಯನ್ನು ಎಣ್ಣೆ ಕಂಪನಿ ಕೊಡುವ ಸಂಖ್ಯೆಯಿಂದ ಗುಣಿಸಿದರೆ ಪ್ರಮಾಣ ಸಿಗುತ್ತದೆ.

ಸೋಮವಾರ ಬೆಳಿಗ್ಗೆ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆಯಾ? ಹಾಗಿದ್ದರೆ ಸ್ಲೈಡಿನಿಂದ ಇಳಿದ ಲೂಬ್ರಿಕೇಶನ್ ಆಯಿಲ್ ನೀರಿನ ಮೇಲೆ ಪದರ ಕಟ್ಟಿ, ಭಾನುವಾರ ಪೂರ್ತಿ ಗಾಳಿ ಹೋಗದಂತೆ ಮುಚ್ಚಿದೆ ಅಂತ ಅರ್ಥ. ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾ ಆ ವಾಸನೆ ಬಿಡುತ್ತದೆ. ಶನಿವಾರ ಸಂಜೆ ಆ ಪದರವನ್ನು ತೆಗೆದು ಹೋಗಿ. ರಜೆಯಲ್ಲಿ ಸ್ವಲ್ಪ ಹೊತ್ತು ಪಂಪ್ ಓಡಿಸಲು ಆದರೆ ಇನ್ನೂ ಒಳ್ಳೆಯದು. ಸೀಮೆಎಣ್ಣೆ ಹಚ್ಚಿದ ಜಾಬಿನಿಂದ ಸೀಮೆಎಣ್ಣೆ ಟ್ಯಾಂಕಿಗೆ ಇಳಿದರೂ ಇದೇ ಗತಿ. ಅದಕ್ಕೇ ನಿಮ್ಮ ಎರಡು ಲೇತ್‌ಗಳನ್ನು ಹಂಚಿಕೊಳ್ಳಿ ಅನ್ನುತ್ತೇನೆ. ಒಂದರಲ್ಲಿ ಟರ್ನಿಂಗ್, ಬೋರಿಂಗ್ ಎಲ್ಲ ಸೊಲ್ಯೂಬಲ್ ಆಯಿಲಿನಲ್ಲಿ. ಇನ್ನೊಂದರ ಪಂಪ್ ಬಂದ್ ಮಾಡಿ, ಡ್ರಿಲ್ಲಿಂಗ್ ಮತ್ತು ಪಾರ್ಟಿಂಗ್ ಬ್ರಷ್ ಹಿಡಿದು.

ಬೋರಿಂಗಿಗೆ ನೀರನ್ನೇ ಏಕೆ ಹೇಳಿದೆ ಅಂದರೆ ನಿಮ್ಮ ಬೇರಿಂಗ್ ಕಾರಣ. ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಏರಿದರೆ, ಸುಮಾರು 23 ಮೈಕ್ರಾನ್. ಲೆಕ್ಕ ಹಾಕಿ: ಪುಲ್ಲಿ ನಿಮ್ಮ ಮೈಕ್ರೋಮೀಟರಿಗಿಂತ 30 ಡಿಗ್ರಿ ಹೆಚ್ಚು ಬಿಸಿ ಇರುವಾಗ 47 ಎಂಎಂ ಬೋರ್ ಅಳೆದರೆ ಅದು 32 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಈ ಸೈಜಿಗೆ ಎಚ್7 ಅನ್ನುವ ದರ್ಜೆಯಲ್ಲಿ ಬಿಡುವ ಪೂರ್ತಿ ವ್ಯತ್ಯಾಸವೇ (ಟಾಲರೆನ್ಸ್) 25 ಮೈಕ್ರಾನ್. ಬಿಸಿಯಲ್ಲಿ ಸರಿಯಾಗಿ ಕಂಡ ಬೋರ್ ತಣಿದ ಮೇಲೆ ಸಣ್ಣದಾಗದೆ ಏನು ಮಾಡೀತು? ಮೂವತ್ತು ಡಿಗ್ರಿ ಅಂದರೆ ಜಾಸ್ತಿ ಏನಲ್ಲ. ಒಣಗಿದ್ದ ಹಾಗೇ ಬೋರ್ ಮಾಡಿ ತೆಗೆದ ಪುಲ್ಲಿ ಕೈಗೆ ಚುರುಕ್ ಅಂದರೆ ಅಷ್ಟಾಗಿದೆ. ರಫ್ ಬೋರಿಂಗ್ ಮುಗಿಸಿ ಜಾಬನ್ನು ಪಕ್ಕಕ್ಕಿಡಿ, ಇನ್ನೊಂದಿಷ್ಟು ಪುಲ್ಲಿ ರಫ್ ಮಾಡಿ, ಮೊದಲನೆಯದು ತಣಿದ ಮೇಲೆ ಫಿನಿಷ್ ಕಟ್ ಹಾಕಿ. ಫಿನಿಷ್ ಕಟ್ಟಿನಲ್ಲಿ ನೀರಿನ ಧಾರೆ ಕಡಿಯದೆ ಹರಿಯುತ್ತಿರಲಿ, ಬಿಟ್ಟು ಬಿಟ್ಟು ಬಿದ್ದರೆ ಸೈಜ್ ಮಧ್ಯದಲ್ಲೇ ಬದಲಾಗುತ್ತದೆ. ಇಷ್ಟು ಮಾಡಿಯೂ ಬೇರಿಂಗ್ ಕೂರದಿದ್ದರೆ ಚಕ್ ನೋಡಿ. ಮೂರು ಜಾ ಬಿಗಿಯಾಗಿ ಒತ್ತಿದರೆ ತೆಳು ಗೋಡೆಯ ಪುಲ್ಲಿ ಒಳಗೆ ಅದುಮಿಕೊಳ್ಳುತ್ತದೆ. ಬಿಚ್ಚಿದ ಮೇಲೆ ಬೋರ್ ದುಂಡಗಿರುವುದಿಲ್ಲ. ಅದಕ್ಕೆ ಎಣ್ಣೆಯಲ್ಲಿ ಮದ್ದಿಲ್ಲ, ಸಾಫ್ಟ್ ಜಾ (ಜಾಬಿನ ಸೈಜಿಗೆ ಕೊರೆದುಕೊಳ್ಳುವ ಮೆತ್ತಗಿನ ಜಾ) ಬೇಕು.

ಕೆಲಸ ಮುಗಿದ ಪುಲ್ಲಿಗಳನ್ನು ಒದ್ದೆಯಲ್ಲೇ ಒಂದರ ಮೇಲೊಂದು ಪೇರಿಸಬೇಡಿ, ಕಬ್ಬಿಣದ ಟ್ರೇಯಲ್ಲಿ ರಾತ್ರಿಯಿಡೀ ನೀರು ಸಮೇತ ಬಿಡಬೇಡಿ. ಎರಡು ಲೋಹ ತಾಗಿಕೊಂಡಿರುವ ಜಾಗದಲ್ಲಿ ಕಲೆ ಬೀಳುತ್ತದೆ. ಶುದ್ಧ ನೀರಿನಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ, ಗಾಳಿಗಿಡಿ. ಲೇತ್ ಬೆಡ್ಡನ್ನೂ ಸಂಜೆ ಒರೆಸಿ ಸ್ಲೈಡ್‌ವೇ ಆಯಿಲ್ ಹಚ್ಚಿ ಹೋಗಿ, ಸೊಲ್ಯೂಬಲ್ ಆಯಿಲ್ ಅಲ್ಲಿನ ಎಣ್ಣೆಯನ್ನು ತೊಳೆದುಬಿಟ್ಟಿರುತ್ತದೆ. ಅಲ್ಯೂಮಿನಿಯಂ ಚಿಪ್ಸನ್ನು ಎಂಎಸ್ ಚಿಪ್ಸಿನ ಜೊತೆ ಬೆರೆಸದೆ ಬೇರೆ ಡ್ರಮ್ಮಿಗೆ ಹಾಕಿ, ನೀರು ಬಸಿಯಲು ತಳದಲ್ಲಿ ತೂತು ಇರಲಿ. ಬೆರಕೆ ಮಾಲಿಗೆ ಗುಜರಿಯವನು ಕಬ್ಬಿಣದ ರೇಟೇ ಹೇಳುತ್ತಾನೆ.